ಹಾಡಿನ ಕ್ಲಾಸಿನ ಅರ್ಧ ಫೀ

ಹಾವೇರಿಯ ಕೋರ್ಟಿನಲ್ಲಿ ನಮ್ಮ ವಿಚ್ಛೇದನದ ಕಾಗದ ತಯಾರಾಗುವಾಗ ವಕೀಲರು ಎಲ್ಲವನ್ನೂ ಕೇಳಿದ್ದರು. ಮಗಳು ಯಾರ ಹತ್ತಿರ ಇರಬೇಕು, ಶಾಲೆಯ ಖರ್ಚು ಯಾರದು, ಆಸ್ಪತ್ರೆಯದು ಯಾರದು. ಹಾಡಿನ ಬಗ್ಗೆ ಮಾತ್ರ ಕೇಳಲಿಲ್ಲ. ಕೇಳುವುದಾದರೂ ಹೇಗೆ? ಆಗ ಅವಳಿಗೆ ಆರು ವರ್ಷ, ಅವಳು ಹಾಡುತ್ತಾಳೆ ಎಂಬುದು ನಮಗೇ ಗೊತ್ತಿರಲಿಲ್ಲ. ಗೊತ್ತಾದದ್ದು ಮರುವರ್ಷ, ಶಾಲೆಯ ಕಾರ್ಯಕ್ರಮದಲ್ಲಿ ಅವಳೊಬ್ಬಳೇ ನಿಂತು ಪ್ರಾರ್ಥನೆ ಹಾಡಿದಾಗ. ನಾನು ಮುಂದಿನ ಸಾಲಿನಲ್ಲಿ ಕುಳಿತಿದ್ದೆ, ಅವಳ ಅಪ್ಪ ಹಿಂದೆ ಬಾಗಿಲ ಹತ್ತಿರ ನಿಂತಿದ್ದರು. ಮುಗಿದ ಮೇಲೆ ಇಬ್ಬರೂ ಕಣ್ಣು ಒರೆಸಿಕೊಳ್ಳುತ್ತಲೇ ಹೊರಗೆ ಬಂದು, ಒಬ್ಬರ ಕಣ್ಣಿಗೆ ಒಬ್ಬರು ಬಿದ್ದು ನಾಚಿಕೊಂಡೆವು. ಅಂದೇ, ಶಾಲೆಯ ಗೇಟಿನ ಮುಂದೆ, ಜಡ್ಜೂ ಇಲ್ಲದೆ ವಕೀಲರೂ ಇಲ್ಲದೆ ನಮ್ಮ ಎರಡನೆಯ ಒಪ್ಪಂದ ಆಯಿತು. ಹುಡುಗಿಗೆ ಹಾಡು ಕಲಿಸುವುದು, ಫೀ ಅರ್ಧ ಅರ್ಧ ಕೊಡುವುದು.

ಅವಳ ಅಪ್ಪ ಎಂದೇ ಬರೆಯುತ್ತೇನೆ. ಗಂಡ ಎನ್ನುವಂತಿಲ್ಲ, ಹೆಸರು ಹಿಡಿದು ಕರೆದು ರೂಢಿಯಿಲ್ಲ, ಮಾಜಿ ಎಂದರೆ ಯಾವುದೋ ಸೋತ ಶಾಸಕರ ಮಾತು ಬಂದ ಹಾಗಾಗುತ್ತದೆ. ಅವರು ಬ್ಯಾಡಗಿಯವರು, ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರು. ನಾನು ಅಗಡಿಯವಳು, ಹಾವೇರಿಯ ಸಹಕಾರ ಸಂಘವೊಂದರಲ್ಲಿ ಕೆಲಸ, ಅಲ್ಲೇ ಬಾಡಿಗೆ ಮನೆ. ನಾವು ಯಾಕೆ ಬೇರೆಯಾದೆವು ಎಂಬುದು ಈ ಬರಹಕ್ಕೆ ಬೇಕಾಗಿಲ್ಲ. ಹೊಡೆದಾಟ ಬಡಿದಾಟ ಏನೂ ಇರಲಿಲ್ಲ. ನನಗೆ ಬಾಯಿ ಜಾಸ್ತಿ, ಅವರಿಗೆ ಬಾಯೇ ಇಲ್ಲ. ಇಷ್ಟು ಸಾಕು.

ಹಾಡಿನ ಮಾಸ್ತರು ಸಿಕ್ಕಿದ್ದು ರಾಣೆಬೆನ್ನೂರಿನಲ್ಲಿ, ರೈಲ್ವೆ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ. ಹಾವೇರಿಯಲ್ಲೂ ಕಲಿಸುವವರು ಇರಲಿಲ್ಲವೆಂದಲ್ಲ. ಆದರೆ ಹಾವೇರಿ ನನ್ನ ಊರು, ಬ್ಯಾಡಗಿ ಅವರ ಊರು, ರಾಣೆಬೆನ್ನೂರು ಇಬ್ಬರದೂ ಅಲ್ಲ. ಆಗ ನಮಗೆ ಅಂಥ ಊರು ಬೇಕಾಗಿತ್ತು. ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಮಗಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಕ್ಲಾಸು ಮುಗಿಯುವ ಹೊತ್ತಿಗೆ ಅವಳ ಅಪ್ಪ ಬೈಕಿನಲ್ಲಿ ಬಂದು ಅವಳನ್ನು ಬ್ಯಾಡಗಿಗೆ ಕರೆದೊಯ್ದು, ಭಾನುವಾರ ಸಂಜೆ ಹಾವೇರಿಗೆ ತಂದು ಬಿಡುತ್ತಿದ್ದರು. ಮಾಸ್ತರಿಗೆ ನನ್ನ ಅರ್ಧ ತಿಂಗಳ ಮೊದಲ ಶನಿವಾರ ಹೋಗುತ್ತಿತ್ತು, ಅವರ ಅರ್ಧ ಎರಡನೆಯ ಶನಿವಾರ. ಮಾಸ್ತರು ಎರಡನ್ನೂ ಏನೂ ಕೇಳದೆ ಒಂದೇ ಡಬ್ಬಿಗೆ ಹಾಕುತ್ತಿದ್ದರು. ಆಮೇಲೆ ಒಂದು ಹಳೆಯ ಹಾರ್ಮೋನಿಯಂ ಕೊಂಡೆವು, ನಮ್ಮ ಕಡೆ ಅದಕ್ಕೆ ಪೇಟಿ ಎನ್ನುತ್ತಾರೆ. ಅದಕ್ಕೂ ಅರ್ಧ ಅರ್ಧ. ಅದು ನನ್ನ ಮನೆಯಲ್ಲೇ ಇರುತ್ತಿತ್ತು, ಮಗಳು ದಿನವೂ ಬೆಳಿಗ್ಗೆ ಅದರ ಮುಂದೆ ಕೂರುತ್ತಿದ್ದಳು.

ಎರಡು ವರ್ಷ ಇದು ಗಡಿಯಾರದಂತೆ ನಡೆಯಿತು. ನಮ್ಮ ಸಂಸಾರ ಒಂದು ದಿನವೂ ಇಷ್ಟು ಸುಸೂತ್ರವಾಗಿ ನಡೆದಿರಲಿಲ್ಲ ಎಂದು ನನ್ನ ತಮ್ಮ ಹಾಸ್ಯ ಮಾಡುತ್ತಿದ್ದ. ನಾನೂ ನಗುತ್ತಿದ್ದೆ, ಯಾಕೆಂದರೆ ಅದು ಸುಳ್ಳಾಗಿರಲಿಲ್ಲ.

ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಮಗಳಿಗೆ ಕೆಮ್ಮು ಹತ್ತಿಕೊಂಡಿತು. ಜ್ವರವಿಲ್ಲ, ನೆಗಡಿಯಿಲ್ಲ, ಬರೀ ಒಣಕೆಮ್ಮು. ಶುಂಠಿ ಕಷಾಯ, ಜೇನುತುಪ್ಪ, ಮೆಡಿಕಲ್ ಶಾಪಿನ ಔಷಧಿ, ಎಲ್ಲ ಆಯಿತು. ಎತ್ತರದ ಸ್ವರಕ್ಕೆ ಹೋಗುವಷ್ಟರಲ್ಲಿ ಗಂಟಲು ಕಟ್ಟಿ ಕಣ್ಣಲ್ಲಿ ನೀರು ಬರುತ್ತಿತ್ತು. ಆ ವರ್ಷ ಅವಳನ್ನು ಸಂಗೀತದ ಮೊದಲ ಪರೀಕ್ಷೆಗೆ ಕೂರಿಸಬೇಕೆಂದು ಮಾಸ್ತರು ಹೇಳಿದ್ದರು, ಈಗ ನೋಡೋಣ ಎನ್ನತೊಡಗಿದರು. ಡಾಕ್ಟರು ಬಾಯಿಗೆ ಟಾರ್ಚು ಬಿಟ್ಟು ನೋಡಿ, ಇದು ಧೂಳಿನ ಅಲರ್ಜಿ, ಎಲ್ಲಿಂದ ಬರುತ್ತಿದೆ ಹುಡುಕಿ ದೂರ ಇಡಿ ಎಂದರು.

ಹುಡುಕುವುದೇನು ಬಂತು? ನಾನು ಲೆಕ್ಕ ಹಾಕಿದೆ. ಕೆಮ್ಮು ಸೋಮವಾರ ಬೆಳಿಗ್ಗೆ ಜೋರು. ಭಾನುವಾರ ಸಂಜೆ ಅವಳು ಬರುವುದು ಬ್ಯಾಡಗಿಯಿಂದ. ಬ್ಯಾಡಗಿ ಎಂದರೆ ಮೆಣಸಿನಕಾಯಿ. ಮಾರ್ಕೆಟ್ಟಿನ ಕಡೆ ಬಸ್ಸು ತಿರುಗಿದರೆ ಸಾಕು, ಕಂಡಕ್ಟರೂ ಸೀನುತ್ತಾನೆ. ಅದರ ಮೇಲೆ ಅವಳ ಅಪ್ಪ ಶನಿವಾರ ಅಂಗಡಿಯಿಂದ ನೇರವಾಗಿ, ಅದೇ ಅಂಗಿಯಲ್ಲಿ ಬೈಕು ಹತ್ತಿ ಬರುವವರು. ಒಂದು ಶನಿವಾರ ಅವರು ಬಾಗಿಲಲ್ಲಿ ನಿಂತದ್ದೇ ತಡ, ಮಾಸ್ತರು ಮೂರು ಸಲ ಸೀನಿದರು, ಮಕ್ಕಳೆಲ್ಲ ನಕ್ಕರು. ಅವರ ಕಾಲರಿನ ಅಂಚಿನಲ್ಲಿ ಕೆಂಪು ಧೂಳು ಕೂತಿತ್ತು. ನನಗೆ ಇನ್ನು ಯಾವ ಸಾಕ್ಷಿಯೂ ಬೇಕಿರಲಿಲ್ಲ. ಸಿಟ್ಟು ನೆತ್ತಿಗೇರಿತು. ಮಗಳನ್ನು ಒಳಗೆ ಬಿಟ್ಟು ಅವರನ್ನು ಓಣಿಯ ತುದಿಗೆ ಕರೆದುಕೊಂಡು ಹೋದೆ.

"ನಿಮ್ಮ ಮೈಮ್ಯಾಲಿನ ಧೂಳ ಆಕಿ ಗಂಟಲಾ ಹಾಳ ಮಾಡಾಕತ್ತೈತಿ," ಎಂದೆ. "ಇನ್ನ ಮ್ಯಾಲೆ ಫೀ ಪೂರಾ ನಾನ ಕೊಡ್ತೇನಿ. ಬಿಡೂದು, ಕರ್ಕೊಂಡ ಹೋಗೂದು ಎಲ್ಲಾ ನಾನ ನೋಡ್ಕೋತೇನಿ. ನಿಮ್ಮ ಅರ್ಧಾ ಬ್ಯಾಡ."

ಅವರು ಜಗಳಕ್ಕೆ ಬಂದಿದ್ದರೆ ಒಳ್ಳೆಯದಿತ್ತು. ಬರಲಿಲ್ಲ. ತಮ್ಮ ಅಂಗೈ ನೋಡಿಕೊಂಡರು, ಅಂಗಿಯ ತೋಳು ನೋಡಿಕೊಂಡರು. ಡಾಕ್ಟರು ಹಾಗೆಂದರಾ ಎಂದು ಕೇಳಿದರು. ಹೂಂ ಎಂದೆ. ಡಾಕ್ಟರು ಧೂಳು ಎಂದಿದ್ದರೇ ಹೊರತು ಯಾರ ಧೂಳು ಎಂದು ಹೇಳಿರಲಿಲ್ಲ. ಆದರೂ ಹೂಂ ಎಂದೆ.

"ಹಾಡ ಮಾತ್ರ ಬಿಡಸಬ್ಯಾಡ," ಎಂದರು. ಬೈಕು ಚಾಲೂ ಮಾಡಿ, ಮಗಳಿಗೆ ಮುಖವನ್ನೂ ತೋರಿಸದೆ ಹೋದರು.

ಅಂದು ಮಗಳು ನನ್ನ ಜೊತೆ ಬಸ್ಸಿನಲ್ಲಿ ಹಾವೇರಿಗೆ ವಾಪಸು ಬಂದಳು. ಅಪ್ಪನ ಅಂಗಡಿಯ ಧೂಳಿನಿಂದ ನಿನಗೆ ಕೆಮ್ಮು, ವಾಸಿಯಾಗುವ ತನಕ ಅಲ್ಲಿಗೆ ಹೋಗುವುದು ಬೇಡ ಎಂದು ತಿಳಿಸಿ ಹೇಳಿದೆ. ಬೇಸಿಗೆ ರಜೆ ಶುರುವಾಗುವುದರಲ್ಲಿತ್ತು. ರಜೆಯಲ್ಲಿ ಹದಿನೈದು ದಿನ ಅವಳು ಅಪ್ಪನ ಹತ್ತಿರ ಇರಬೇಕು ಎಂದು ಮೊದಲೇ ಮಾತಾಗಿತ್ತು. ಅದೂ ಬೇಡ ಎಂದೆ. ಅವಳು ಹಟ ಮಾಡಲಿಲ್ಲ, ಅಳಲಿಲ್ಲ. ಅಪ್ಪನ ಹಾಗೆ ಸುಮ್ಮನಾದಳು. ಆ ಸುಮ್ಮನಾಗುವ ಗುಣ ನನ್ನನ್ನು ಮೊದಲಿನಿಂದಲೂ ಉರಿಸಿದೆ.

ಮುಂದಿನ ಶನಿವಾರ ಮಾಸ್ತರಿಗೆ ಪೂರ್ತಿ ಫೀ ಕೊಟ್ಟೆ. ಅವರು ಎಣಿಸಿ ನೋಡಿ, ಹೆಚ್ಚು ಕೊಟ್ಟಿದ್ದೀರಿ ಎಂದು ಅರ್ಧ ತಿರುಗಿ ಕೊಡಲು ಬಂದರು. ಇನ್ನು ಮೇಲೆ ಹೀಗೆಯೇ ಎಂದು ಹೇಳುವಾಗ ನನಗೆ ದೊಡ್ಡದೇನೋ ಗೆದ್ದಂತೆ ಅನಿಸಿತ್ತು. ಸತ್ಯ ಹೇಳಬೇಕೆಂದರೆ, ಮೂರು ವರ್ಷಗಳಲ್ಲಿ ಮೊದಲ ಸಲ ಮಗಳು ಪೂರ್ತಿ ನನ್ನವಳಾದಳು ಎನಿಸಿತ್ತು. ಅದನ್ನು ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಕೆಮ್ಮು ನಿಲ್ಲಲಿಲ್ಲ. ಒಂದು ವಾರ ಆಯಿತು, ಎರಡು ವಾರ ಆಯಿತು. ಹಳೆಯ ಧೂಳು ಒಳಗೇ ಕೂತಿದೆ, ಈಗ ಹೊರಗೆ ಬೀಳುತ್ತಿದೆ ಎಂದು ನನಗೆ ನಾನೇ ಡಾಕ್ಟರಾದೆ. ಮಾಸ್ತರ ಮನೆಯಲ್ಲಿ ಅವಳು ಅಷ್ಟು ಕೆಮ್ಮುವುದಿಲ್ಲ, ನಮ್ಮ ಮನೆಯಲ್ಲೇ ಜಾಸ್ತಿ ಎಂಬುದನ್ನು ಗಮನಿಸಿದ್ದೆ. ಅದಕ್ಕೂ ನನ್ನ ಹತ್ತಿರ ಉತ್ತರವಿತ್ತು, ಮಾಸ್ತರ ಎದುರು ಹೆದರಿ ತಡೆದುಕೊಳ್ಳುತ್ತಾಳೆ ಎಂದುಕೊಂಡೆ. ಒಮ್ಮೆ ಒಬ್ಬರನ್ನು ತಪ್ಪಿತಸ್ಥರೆಂದು ನಿರ್ಧರಿಸಿದರೆ ನನ್ನ ತಲೆ ಎಷ್ಟು ಚುರುಕಾಗುತ್ತದೆ ಎಂಬುದು ನನಗೇ ಆಶ್ಚರ್ಯ.

ಅಪ್ಪ ಮಗಳು ಫೋನಿನಲ್ಲಿ ಮಾತಾಡುತ್ತಿದ್ದರು. ಏನು ಊಟ, ಏನು ಅಭ್ಯಾಸ, ಇಷ್ಟೇ. ಅವರು ಪ್ರತಿ ಸಲ ಕೊನೆಗೆ, ಕೆಮ್ಮು ಕಡಿಮೆ ಆಯಿತಾ ಎಂದು ಕೇಳುತ್ತಿದ್ದರು. ಇವಳು ಸುಳ್ಳು ಹೇಳುತ್ತಿದ್ದಳು, ಆಯಿತು ಎಂದು.

ಐದನೆಯ ವಾರ ಪೇಟಿಯ ಒಂದು ಸ್ವರದ ಮನೆ ಒತ್ತಿದರೆ ಗೊರಗೊರ ಎನ್ನತೊಡಗಿತು. ಅದನ್ನು ಬಸ್ಸಿನಲ್ಲಿ ರಾಣೆಬೆನ್ನೂರಿಗೆ ಒಯ್ದೆ. ಲಗೇಜಿಗೆ ಟಿಕೆಟ್ ಬೇಕೆಂದ ಕಂಡಕ್ಟರ್ ಜೊತೆ ಮೋಟೆಬೆನ್ನೂರಿನ ತನಕ ವಾದ ಮಾಡಿ, ಸೋತು, ಟಿಕೆಟ್ ತೆಗೆದೆ. ಮಗಳನ್ನು ಮಾಸ್ತರ ಮನೆಯಲ್ಲಿ ಬಿಟ್ಟು, ಅವರೇ ಹೇಳಿದ ರಿಪೇರಿಯವರ ಮನೆಗೆ ಆಟೋದಲ್ಲಿ ಹೋದೆ. ವಯಸ್ಸಾದ ಸಾಬರು. ಒಳಗಿದ್ದ ಹೆಂಡತಿಗೆ ಉರ್ದುವಿನಲ್ಲಿ ಚಹಾ ಮಾಡಲು ಹೇಳಿ, ನನಗೆ ಕನ್ನಡದಲ್ಲಿ ಕುಂದ್ರಿ ಎಂದು, ಪೇಟಿಯ ಹಿಂದಿನ, ಗಾಳಿ ತುಂಬುವ ತಿದಿ ಬಿಚ್ಚಿದರು. ಒಂದು ಸಲ ಒತ್ತಿ ನೋಡಿದರು. ಇಬ್ಬರೂ ಒಟ್ಟಿಗೆ ಕೆಮ್ಮಿದೆವು.

ತಿದಿಯ ಮಡಿಕೆಗಳ ತುಂಬ ಕೆಂಪು ಪುಡಿ ಕೂತಿತ್ತು. ನನ್ನ ಬಾಯಿ ಸುಮ್ಮನಿರುತ್ತದೆಯೇ? ನೋಡಿ, ಪೇಟಿಯನ್ನೂ ಬಿಟ್ಟಿಲ್ಲ, ಇದೆಲ್ಲ ಈ ಹುಡುಗಿಯ ಅಪ್ಪನ ಪ್ರತಾಪ, ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಇರುತ್ತಾರೆ, ಊರಿನ ಧೂಳನ್ನೆಲ್ಲ ಮಗಳ ಮೈಗೆ ಹತ್ತಿಸಿ ಕಳಿಸುತ್ತಾರೆ ಎಂದು ಗುರುತಿಲ್ಲದ ಆ ಹಿರಿಯರ ಮುಂದೆ ನನ್ನ ಪುರಾಣವನ್ನೆಲ್ಲ ಬಿಚ್ಚಿದೆ. ಅವರು ತಾಳ್ಮೆಯಿಂದ ಕೇಳಿದರು. ಆಮೇಲೆ ಬೆರಳ ತುದಿಗೆ ಸ್ವಲ್ಪ ಪುಡಿ ಹಚ್ಚಿಕೊಂಡು ಮೂಸಿದರು, ನಾಲಿಗೆಗೆ ಇಟ್ಟುಕೊಂಡರು.

"ಅಕ್ಕಾರ, ಇದು ಮಾರ್ಕೆಟ್ಟಿನ ಧೂಳ ಅಲ್ರಿ," ಎಂದರು. "ಇದರಾಗ ಲವಂಗ ಐತಿ, ಕೊತ್ತಂಬರಿ ಐತಿ. ಇದು ಮನ್ಯಾಗ ಮಾಡಿದ ಮಸಾಲಿ ಖಾರ. ನೀವ ನೋಡ್ರಿ."

ನಾನೂ ನಾಲಿಗೆಗೆ ಇಟ್ಟುಕೊಂಡೆ. ಕೊತ್ತಂಬರಿ ಬೀಜ, ಲವಂಗ, ಒಣಕೊಬ್ಬರಿ, ಒಂದಿಷ್ಟು ಜಾಸ್ತಿ ಬಿದ್ದ ಮೆಂತ್ಯ. ಆ ಜಾಸ್ತಿ ಮೆಂತ್ಯ ನನ್ನ ಅವ್ವನ ಕೈಯದು. ಜಗತ್ತಿನಲ್ಲಿ ಬೇರೆ ಯಾರೂ ಮಸಾಲಿ ಖಾರಕ್ಕೆ ಅಷ್ಟು ಮೆಂತ್ಯ ಹಾಕುವುದಿಲ್ಲ, ನಾನೊಬ್ಬಳ ಹೊರತು.

ನಮ್ಮ ಕಡೆ ವರ್ಷಕ್ಕೆ ಬೇಕಾಗುವ ಖಾರವನ್ನು ಬಿಸಿಲು ಏರುತ್ತಲೇ ಒಮ್ಮೆಗೇ ಮಾಡಿಟ್ಟುಕೊಳ್ಳುತ್ತೇವೆ. ಗಿರಣಿಯಿಂದ ಬಂದ ಖಾರ ಬಿಸಿಯಿರುತ್ತದೆ. ಹಾಗೆಯೇ ಡಬ್ಬಿ ತುಂಬಿದರೆ ಕೆಡುತ್ತದೆಂದು ಅರಿವೆಯ ಮೇಲೆ ಹರವಿ ಆರಿಸಬೇಕು. ಅವ್ವನ ಒಂದು ಹಳೆಯ ಸೀರೆ ನನ್ನ ಹತ್ತಿರ ಇತ್ತು, ಕುಂಕುಮದ ಬಣ್ಣದ್ದು, ಮೆತ್ತಗಿನ ಹತ್ತಿಯದು. ಅದನ್ನು ಹರಿದು ಎರಡು ಮಾಡಿದ್ದೆ. ಒಂದು ಖಾರ ಆರಿಸಲು, ಇನ್ನೊಂದು ಪೇಟಿಗೆ ಹೊದಿಸಲು. ಖಾರದ ಅರಿವೆಯನ್ನು ಒಗೆಯುವುದಿಲ್ಲ, ಬರೀ ಕೊಡವಿ ಮಡಚಿಡುವುದು ಅವ್ವನ ಕಾಲದಿಂದ ಬಂದ ರೂಢಿ. ಶಿವರಾತ್ರಿ ಕಳೆದ ಮೇಲೆ ಖಾರ ಮಾಡಿದ ದಿನ, ಎರಡು ತುಂಡುಗಳಲ್ಲಿ ಯಾವುದು ಯಾವುದೆಂದು ನೋಡದೆ ಖಾರದ್ದನ್ನು ಕೊಡವಿ ಪೇಟಿಯ ಮೇಲೆ ಹೊದಿಸಿದ್ದೆ. ಕೆಂಪು ಸೀರೆಯ ಮೇಲೆ ಕೆಂಪು ಪುಡಿ ಕಾಣಲಿಲ್ಲ. ಪ್ರತಿ ದಿನ ಹೊದಿಸಿ, ಪ್ರತಿ ದಿನ ತೆಗೆದು, ಖಾರ ಪೇಟಿಯ ಮೇಲೆಲ್ಲ ಉದುರಿತು. ಮಗಳು ತಿದಿ ಎಳೆದಾಗ ಒಳಗೆ ಹೋಯಿತು, ಒತ್ತಿದಾಗ ಅವಳ ಮುಖಕ್ಕೇ ಬಂತು. ಶನಿವಾರ ಬೆಳಿಗ್ಗೆ ಶಾಲೆ, ಭಾನುವಾರ ಬ್ಯಾಡಗಿ, ಹೀಗೆ ಎರಡು ದಿನ ಮುಟ್ಟದೆ ಇದ್ದ ಪೇಟಿಯನ್ನು ಅವಳು ತೆಗೆಯುತ್ತಿದ್ದದ್ದು ಸೋಮವಾರ ಬೆಳಿಗ್ಗೆ, ಕೂತ ಪುಡಿಯೆಲ್ಲ ಒಮ್ಮೆಗೇ ಏಳುತ್ತಿತ್ತು.

ನಾನು ಪೇಟಿಗೆ ಸುತ್ತಿ ತಂದಿದ್ದ ಹೊದಿಕೆಯನ್ನು ಸಾಬರು ಬೆಳಕಿಗೆ ಹಿಡಿದು, ಮಡಚಿ ನನ್ನ ಚೀಲದಲ್ಲಿ ಇಟ್ಟರು. ಚಹಾ ಬಂತು. ಕುಡಿಯಲು ನನ್ನಿಂದ ಆಗಲಿಲ್ಲ.

ಈಗ ಒಂದು ಮಾತು ಒಪ್ಪಿಕೊಳ್ಳಬೇಕು. ಪೇಟಿಯನ್ನು ಅಲ್ಲೇ ಬಿಟ್ಟು ಮಾಸ್ತರ ಮನೆಗೆ ನಡೆದು ಬರುವಾಗ, ಇದನ್ನು ಯಾರಿಗೂ ಹೇಳಬಾರದೆಂದು ನಿಶ್ಚಯಿಸಿದ್ದೆ. ಗೊತ್ತಿರುವುದು ಆ ಹಿರಿಯರಿಗೆ ಮಾತ್ರ. ಅವರಿಗೆ ನಮ್ಮ ಹೆಸರೂ ಗೊತ್ತಿಲ್ಲ. ಇನ್ನು ಹದಿನೈದು ದಿನದಲ್ಲಿ ಕೆಮ್ಮು ನಿಲ್ಲುತ್ತದೆ. ಮೆಣಸಿನಕಾಯಿ ಸೀಸನ್ ಮುಗಿಯಿತು, ಧೂಳು ಕಡಿಮೆಯಾಗಿದೆ, ಇನ್ನು ಬಂದು ಕರೆದುಕೊಂಡು ಹೋಗಿ ಎಂದು ದೊಡ್ಡ ಮನಸ್ಸು ಮಾಡಿದವಳಂತೆ ಒಂದು ಮೆಸೇಜ್ ಹಾಕಿದರೆ ಆಯಿತು. ಅವರು ಹೂಂ ಎನ್ನುತ್ತಾರೆ. ಅವರು ಯಾವತ್ತೂ ಹೂಂ ಎನ್ನುವವರೇ.

ಮಗಳನ್ನು ಕರೆದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟೆ. ಅವಳು ನನ್ನ ಕೈ ಹಿಡಿದು ನಡೆದಳು.

"ಮಮ್ಮಿ," ಎಂದಳು. "ನಾ ಹಾಡೂದ ಬಿಟ್ರ ಪಪ್ಪನ ಕಡೆ ಹೋಗಬೌದಲ್ಲಾ? ಆವಾಗ ಕೆಮ್ಮಿದ್ರೂ ನಡೀತೈತಿ."

ರಸ್ತೆಯ ನಡುವೆಯೇ ನಿಂತುಬಿಟ್ಟೆ. ಆಟೋದವನೊಬ್ಬ ಬೈದು ಹೋದ. ಒಂಬತ್ತು ವರ್ಷದ ಹುಡುಗಿ ಐದು ವಾರ ಇದನ್ನೇ ಯೋಚಿಸಿದ್ದಾಳೆ. ಅಪ್ಪ ಬೇಕೋ ಹಾಡು ಬೇಕೋ ಎಂದು ತೂಗಿ ನೋಡಿ ಹಾಡು ಬಿಡಲು ತಯಾರಾಗಿದ್ದಾಳೆ. ಹಾಗೆ ತೂಗುವುದಕ್ಕೆ ಹಚ್ಚಿದವಳು ನಾನು. ಅವಳನ್ನು ಅಲ್ಲೇ ತಬ್ಬಿಕೊಂಡು ಅತ್ತುಬಿಟ್ಟೆ. ಆಮೇಲೆ ಹಾವೇರಿಯ ಬಸ್ಸು ಹತ್ತಿ, ಮೋಟೆಬೆನ್ನೂರಿನಲ್ಲಿ ಇಳಿದು, ಬ್ಯಾಡಗಿಗೆ ಟಂಟಂ ಆಟೋ ಹಿಡಿದೆ.

ವಿಚ್ಛೇದನದ ನಂತರ ನಾನು ಆ ಅಂಗಡಿಗೆ ಕಾಲಿಟ್ಟಿರಲಿಲ್ಲ. ಸಂಜೆ ನಾಲ್ಕೂವರೆ ಇರಬೇಕು. ಮೆಣಸಿನಕಾಯಿಯ ಚೀಲಗಳು ಒಂದರ ಮೇಲೊಂದು ಬಿದ್ದಿದ್ದವು, ಬಾಗಿಲ ಹತ್ತಿರ ಮುದುಕಿಯೊಬ್ಬಳು ಕಾಯಿ ಆರಿಸುತ್ತಿದ್ದಳು. ಒಳಗೆ ಮೇಜಿನ ಹಿಂದೆ ಚೀಟಿ ಬರೆಯುತ್ತಿದ್ದವರನ್ನು ಮೊದಲು ನಾನು ಗುರುತಿಸಲಿಲ್ಲ. ಮದುವೆಗೂ ಮುಂಚಿನಿಂದ ಇದ್ದ ಆ ದಪ್ಪ ಮೀಸೆ ಇರಲಿಲ್ಲ. ಅದಿಲ್ಲದೆ ಮುಖ ಚಿಕ್ಕದಾಗಿ, ಬೇರೆ ಯಾರದೋ ಆದ ಹಾಗೆ ಕಾಣುತ್ತಿತ್ತು. ಮೀಸೆಯಲ್ಲಿ ಧೂಳು ಕೂರುತ್ತದೆ ಎಂದು ಯಾರೋ ಹೇಳಿದರಂತೆ, ಮರುದಿನವೇ ತೆಗೆಸಿದರಂತೆ, ದಿನಕ್ಕೆ ಎರಡು ಸಲ ಸ್ನಾನ ಮಾಡುತ್ತಾರಂತೆ. ಕಾಯಿ ಆರಿಸುವ ಮುದುಕಿ ಇದನ್ನೆಲ್ಲ ನನಗೆ ಕೇಳದೆಯೇ ಹೇಳಿದಳು.

ಮಗಳನ್ನು ಕಂಡು ಅವರು ಎದ್ದರು. ಅವಳು ಒಂದು ಹೆಜ್ಜೆ ಮುಂದಿಟ್ಟಳು. ಅವರು ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿದರು.

"ಅಲ್ಲೇ ನಿಂದ್ರವಾ. ಹತ್ರ ಬರಬ್ಯಾಡ."

ನನ್ನ ಬಾಯಿ ಅಂದು ಮೊದಲ ಸಲ ತೊದಲಿತು. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಅವ್ವನ ಸೀರೆ, ಖಾರದ ಅರಿವೆ, ಪೇಟಿಯ ತಿದಿ, ಡಾಕ್ಟರು ಹೇಳದೇ ಇದ್ದ ಮಾತಿಗೆ ನಾನು ಹೂಂ ಎಂದದ್ದು. ಮಗಳೂ ಕೇಳಿದಳು, ಮುದುಕಿಯೂ ಕೇಳಿದಳು. ಕೇಳಲಿ ಎಂದೇ ಹೇಳಿದೆ. ಬಾಯಿ ಮಾಡುವಾಗ ಓಣಿಯಲ್ಲಿ ನಿಂತು ಮಾಡಿದವಳು, ತಪ್ಪೊಪ್ಪಿಕೊಳ್ಳುವಾಗ ಮೂಲೆ ಹುಡುಕುವುದು ಸರಿಯಲ್ಲ.

"ಹಂಗಾರ ಅದು ನಂದಲ್ಲ?" ಎಂದು ಕೇಳಿದರು.

"ನಿಮ್ಮದಲ್ರಿ. ನಂದು. ತಪ್ಪಾತು ನಂದು."

ಅವರು ಹತ್ತಿರದ ಚೀಲದ ಮೇಲೆ ಕುಳಿತರು. ಸಿಟ್ಟಾಗುತ್ತಾರೆಂದು ಕಾದೆ. ಸಿಟ್ಟಾಗುವುದು ಅವರ ಹಕ್ಕಾಗಿತ್ತು. ತಲೆ ತಗ್ಗಿಸಿದರು, ಹೆಗಲು ಅಲುಗುತ್ತಿದ್ದವು. ಈ ಮನುಷ್ಯ ಐದು ವಾರ, ತಾನು ಮುಟ್ಟಿದರೆ ತನ್ನ ಮಗಳ ದನಿ ಹೋಗುತ್ತದೆ ಎಂದು ನಂಬಿಕೊಂಡು ಬದುಕಿದ್ದರು. ನಾನು ಹೇಳಿದೆನೆಂಬ ಒಂದೇ ಕಾರಣಕ್ಕೆ ನಂಬಿದ್ದರು.

ಮುಖ ಎತ್ತಿದಾಗ ಅವರು ಕೇಳಿದ್ದು ಪೇಟಿಯ ರಿಪೇರಿಗೆ ಎಷ್ಟಾಗುತ್ತದೆ ಎಂದು. ಅದು ಪೂರ್ತಿ ನನ್ನದು, ತಪ್ಪು ನನ್ನದಾದ ಮೇಲೆ ಖರ್ಚೂ ನನ್ನದೇ ಎಂದೆ.

"ತಪ್ಪ ನಿಂದಿರಲಿ," ಎಂದರು. "ನನ್ನ ಅರ್ಧಾ ತಗೋ. ಅರ್ಧಾ ಕೊಡದಿದ್ರ ಆಕಿ ಹಾಡಿದ್ದು ನನಗ ಎಲ್ಲಿ ಸೇರತೈತಿ?"

ಅವರು ಒಮ್ಮೆಗೇ ಅಷ್ಟು ದೊಡ್ಡ ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ನನಗೆ ಫೀ ಎಂದರೆ ಖರ್ಚಾಗಿತ್ತು, ಬೇಡವೆಂದರೆ ಉಪಕಾರ ಮಾಡಿದಂತೆ ಎಂದುಕೊಂಡಿದ್ದೆ. ಅವರಿಗೆ ಅದೊಂದೇ ಮಗಳ ಹಾಡಿನೊಳಗೆ ಕಾಲಿಡುವ ಬಾಗಿಲಾಗಿತ್ತು. ಸಾಬರು ಹೇಳಿದ್ದ ಮೊತ್ತ ತಿಳಿಸಿ, ಅವರು ಕೊಟ್ಟ ಅರ್ಧವನ್ನು ತೆಗೆದುಕೊಂಡು ಪರ್ಸಿನಲ್ಲಿ ಹಾಕಿಕೊಂಡೆ. ನಿಂತುಹೋದ ತಿಂಗಳ ಫೀಯ ಅರ್ಧವನ್ನೂ ಕೊಟ್ಟರು, ಅದನ್ನೂ ತೆಗೆದುಕೊಂಡೆ.

ಆಮೇಲೆ ಅವರು ಮಗಳಿಗೆ, ತಡಿ, ಕೈ ತೊಳೆದುಕೊಂಡು ಬರುತ್ತೇನೆ ಎಂದು ಹೊರಗಿನ ನಲ್ಲಿಗೆ ಹೋದರು. ಮೊಣಕೈ ತನಕ ಸಾಬೂನು ಹಚ್ಚಿ ತೊಳೆದು ಬಂದರು. ಅವಳ ಹತ್ತಿರ ಬಂದವರು ತಮ್ಮ ಅಂಗಿ ನೋಡಿಕೊಂಡು ಮತ್ತೆ ಹೋಗಿ ಮುಖ, ಕುತ್ತಿಗೆ ತೊಳೆದು ಬಂದರು. ಮೂರನೆಯ ಸಲ ಹೊರಟಾಗ ಮಗಳು ಹಿಂದಿನಿಂದ ಹೋಗಿ ಅವರ ಅಂಗಿಯ ಚುಂಗು ಹಿಡಿದುಕೊಂಡಳು. ಹಿಡಿದವಳು ಒಂದು ಸಲ ಕೆಮ್ಮಿದಳು.

ಅವರು ಕಲ್ಲಿನಂತೆ ನಿಂತರು. ಒದ್ದೆ ಕೈಗಳನ್ನು ಎರಡೂ ಬದಿಗೆ ದೂರ ಹಿಡಿದುಕೊಂಡು, ಅವಳನ್ನು ನೋಡದೆ ನನ್ನನ್ನು ನೋಡಿದರು. ತಮ್ಮ ಸ್ವಂತ ಮಗಳನ್ನು ಮುಟ್ಟಬಹುದೇ ಎಂದು ನನ್ನನ್ನು ಕೇಳುತ್ತಿದ್ದರು.

"ಎತ್ಕೋರಿ ಆಕೀನ್ನ," ಎಂದೆ.